ಹಳ್ಳದಾಚೆಯ ಶನಿವಾರ

ಮಳೆಗಾಲದಲ್ಲಿ ನಮ್ಮ ಬೀದಿಯನ್ನು ಬೀದಿ ಎಂದು ಕರೆಯುವವರು ಹೊರಗಿನವರು. ನಾವು ಹಳ್ಳ ಎನ್ನುತ್ತಿದ್ದೆವು. ಬರಾನ್‌ಕಿಯಾ ಊರಿನ ಮೇಲ್ಭಾಗದಲ್ಲಿ ಎಲ್ಲೋ ಒಂದು ಜೋರು ಮಳೆ ಬಿದ್ದರೆ ಸಾಕು, ಆ ನೀರೆಲ್ಲ ಇಳಿಜಾರು ಹುಡುಕಿಕೊಂಡು ನಮ್ಮ ಮನೆಗಳ ಮುಂದೆಯೇ ನದಿಗೆ ಹೋಗಬೇಕು. ನಮ್ಮ ತಲೆಯ ಮೇಲೆ ಸುಡುಬಿಸಿಲಿರುತ್ತಿತ್ತು, ಬೀದಿಯಲ್ಲಿ ಮಾತ್ರ ಬಸ್ಸನ್ನೂ ಉರುಳಿಸುವಂಥ ನೀರು. ಒಂದೆರಡು ಗಂಟೆ ಅಷ್ಟೇ. ಆಮೇಲೆ ಜಗಲಿಯ ಕೆಸರು ಬಳಿದು, ಬಾಗಿಲ ಮುಂದೆ ಯಾರದೋ ಮನೆಯ ಹಾಸಿಗೆಯೋ ಸತ್ತ ಕೋಳಿಯೋ ಬಿದ್ದಿದ್ದರೆ ಎತ್ತಿ ಹಾಕಿ, ಮತ್ತೆ ಒಲೆ ಹಚ್ಚುವುದು. ಆದರೆ ಆ ಒಂದೆರಡು ಗಂಟೆ ಈ ಬದಿಯವರು ಈ ಬದಿಗೆ, ಆ ಬದಿಯವರು ಆ ಬದಿಗೆ. ಈಚೆಗೆ ಆ ಹಳ್ಳವನ್ನು ನೆಲದಡಿಯ ಕಾಲುವೆಗೆ ಇಳಿಸಿದ್ದಾರೆ. ನಾನು ಹೇಳುತ್ತಿರುವುದು ಅದಕ್ಕಿಂತ ಹಿಂದಿನ ಮಾತು, ಎದಿಲ್ಮಾಳ ಮಾತು.

ಎದಿಲ್ಮಾ ನನ್ನ ಪಕ್ಕದ ಮನೆಯವಳು. ನಲವತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ. ಅಗಲ ಭುಜ, ನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಬೆರಳು. ಆಫೀಸಿಗೆ ಹೋಗುವವರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು ಅವಳ ಕಸುಬು. ಅವಳು ಇಸ್ತ್ರಿ ಮಾಡಿದ ಕಾಲರ್ ಮುಟ್ಟಿದರೆ ಬೆರಳು ಕುಯ್ಯುತ್ತದೆ ಎಂದು ನಾವು ರೇಗಿಸುತ್ತಿದ್ದೆವು. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು ತೊಟ್ಟಿ ತುಂಬಿಸುವುದು, ಅಮ್ಮನನ್ನು ಎಬ್ಬಿಸಿ ಸ್ನಾನ ಮಾಡಿಸುವುದು, ಜೋಳದ ಗಂಜಿ ಕುಡಿಸುವುದು, ಆಮೇಲೆ ಬಟ್ಟೆಯ ರಾಶಿಯ ಮುಂದೆ ಕೂರುವುದು. ಹಿತ್ತಲಿನ ತಂತಿಯ ಮೇಲೆ ಬಟ್ಟೆ ಹರವಿದ ಮೇಲೆ ಅವಳ ಕಣ್ಣೆಲ್ಲ ಆಕಾಶದ ಕಡೆ. ಮೋಡ ಕವಿದರೆ ಓಡಿ ಬಂದು ಎಲ್ಲವನ್ನೂ ಎಳೆದುಕೊಳ್ಳಬೇಕು, ಬಿಸಿಲು ಬಂದರೆ ಮತ್ತೆ ಹರವಬೇಕು. ಅಕ್ಟೋಬರ್ ತಿಂಗಳಲ್ಲಿ ಇದು ದಿನಕ್ಕೆ ಎಷ್ಟು ಸಲವೋ. ಮಧ್ಯಾಹ್ನ ಇಸ್ತ್ರಿ. ನಮ್ಮ ಊರಿನ ಸೆಖೆಯಲ್ಲಿ ಸುಮ್ಮನೆ ಕೂತವರೇ ಬೆವರಿ ನೀರಾಗುತ್ತಾರೆ, ಇವಳು ಇಸ್ತ್ರಿಪೆಟ್ಟಿಗೆ ಹಿಡಿದು ನಿಲ್ಲುತ್ತಿದ್ದಳು. ಬಟ್ಟೆ ಹಾರುತ್ತದೆ ಎಂದು ಫ್ಯಾನನ್ನೂ ಅಮ್ಮನ ಕಡೆಗೇ ತಿರುಗಿಸಿರುತ್ತಿದ್ದಳು.

ಅಮ್ಮ ಎಂದರೆ ಬೆನಿಲ್ದಾ, ಹಿರಿಯಳೆಂದು ಮರ್ಯಾದೆಗೆ ನಾವೆಲ್ಲ ದೋನ್ಯಾ ಬೆನಿಲ್ದಾ ಎನ್ನುತ್ತಿದ್ದೆವು. ಒಂದು ಕಾಲದಲ್ಲಿ ಇಡೀ ಬಡಾವಣೆಗೆ ಗೊತ್ತಿದ್ದ ಗಂಟಲು. ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ಬೊಯ್ಯೊಗಳನ್ನು ಬೋಗುಣಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಬೀದಿ ಬೀದಿ ಕೂಗಿಕೊಂಡು ಮಾರಿ ಮಗಳನ್ನು ಸಾಕಿದವಳು. ವಯಸ್ಸಾದ ಮೇಲೆ ಬುದ್ಧಿ ಸ್ವಲ್ಪ ಸ್ವಲ್ಪವಾಗಿ ಮಂಜಾಯಿತು. ಕಾಲು ಮಾತ್ರ ಗಟ್ಟಿ. ಯಾವುದೋ ಹೊತ್ತಿನಲ್ಲಿ ಖಾಲಿ ಬೋಗುಣಿ ತಲೆಯ ಮೇಲಿಟ್ಟುಕೊಂಡು ಹೊರಟುಬಿಡುತ್ತಿದ್ದಳು. ಹಿಂದೊಮ್ಮೆ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸಿನ ಕೈಯಲ್ಲಿ ಎದಿಲ್ಮಾ ಇನ್ನೊಂದು ಬೀಗದ ಕೈ ಕೊಟ್ಟಿದ್ದಳು. ಮುದುಕಿ ಕಿಟಕಿಯಿಂದ ಸಕ್ಕರೆಯಂಥ ಮಾತಾಡಿ, "ಬಾಗಿಲು ತೆಗಿ ಮಗಳೇ, ಗಿರಾಕಿಗಳು ಕಾಯ್ತಿದಾರೆ" ಅಂದದ್ದಕ್ಕೆ ಆ ಪುಣ್ಯಾತ್ಗಿತ್ತಿ ತೆಗೆದೇಬಿಟ್ಟಳು. ಇಡೀ ದಿನ ಹುಡುಕಿದೆವು. ಕೊನೆಗೆ ಮಾರುಕಟ್ಟೆಯ ಹತ್ತಿರ, ಲಾರಿಗಳ ನಡುವೆ, ಬಿಸಿಲಿಗೆ ತುಟಿ ಒಡೆದು ಕೂತಿದ್ದಳು.

ಅವತ್ತಿನಿಂದ ಎದಿಲ್ಮಾ ಯಾರನ್ನೂ ನಂಬಲಿಲ್ಲ. ಎದುರು ಬದಿಯ ದಾಗೊಬೆರ್ತೊನ ಕೈಯಲ್ಲಿ ಬಾಗಿಲಿಗೂ ಕಿಟಕಿಗೂ ಕಬ್ಬಿಣದ ಗ್ರಿಲ್ ಹಾಕಿಸಿದಳು. ದಾಗೊ ವೆಲ್ಡಿಂಗ್ ಕೆಲಸದವನು, ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕೆಲಸ ಮುಗಿಸಿ ಗ್ರಿಲ್ಲನ್ನು ಕೈಯಲ್ಲಿ ಅಲ್ಲಾಡಿಸಿ ತೋರಿಸಿ, "ಇದನ್ನ ಕೀಳೋಕೆ ನನ್ನ ಕೈಲೂ ಆಗಲ್ಲ ಎದಿಲ್ಮಾ" ಎಂದು ಎದೆಯುಬ್ಬಿಸಿ ಹೇಳಿದ್ದ. ಅದಕ್ಕೆ ಒಂದೇ ಬೀಗದ ಕೈ. ಅದನ್ನು ದಾರಕ್ಕೆ ಕಟ್ಟಿ ರವಿಕೆಯೊಳಗೆ ಇಳಿಬಿಟ್ಟುಕೊಂಡಿರುತ್ತಿದ್ದಳು.

"ಇನ್ನೊಂದು ಮಾಡಿಸಿ ನನ್ನ ಹತ್ರ ಕೊಟ್ಟಿರೇ. ಗೋಡೆಗೆ ಗೋಡೆ ಅಂಟಿದೆ, ನಾನೇನು ನಿನ್ನ ಮನೆ ಕದೀತೀನಾ?" ಎಂದು ನಾನು ಎಷ್ಟು ಸಲ ಬೈದಿದ್ದೇನೋ.

"ನೀನು ಕದಿಯಲ್ಲ ಯಾದಿರಾ. ಆದ್ರೆ ಅಮ್ಮ ಕಿಟಕೀಲಿ ನಿಂತು ಅತ್ರೆ ನೀನು ತೆಗೀತೀಯ. ನಿನ್ನ ಬಾಯಷ್ಟೇ ಜೋರು, ಮನಸ್ಸು ಬೆಣ್ಣೆ" ಅನ್ನುವಳು.

ನನಗೆ ಸಿಟ್ಟು ಬರುತ್ತಿತ್ತು. ಏಕೆಂದರೆ ಅದು ನಿಜ.

ಇಂಥವಳಿಗೆ ವಾರಕ್ಕೊಂದು ಶನಿವಾರ. ಶನಿವಾರ ಬೆಳಿಗ್ಗೆಯೇ ನಮ್ಮ ಬೀದಿಯ ವಾಸನೆ ಬೇರೆ. ಮನೆ ಮನೆಯಲ್ಲೂ ತೊಗರಿಕಾಳು, ಒಣಮಾಂಸ, ಮರಗೆಣಸು, ಹಣ್ಣಾದ ಬಾಳೆ ಹಾಕಿದ ಸಾರು ಕುದಿಯುತ್ತಿರುತ್ತದೆ. ಮೂಲೆಯ ಮನೆಯವರು ಬೀರುವಿನಷ್ಟು ದೊಡ್ಡ ಸ್ಪೀಕರ್ ಹೊರಗೆ ತಂದಿಟ್ಟು ಕಿವಿ ಕಿತ್ತುಹೋಗುವಂತೆ ಹಾಡು ಹಾಕುತ್ತಾರೆ. ಹೆಂಗಸರೆಲ್ಲ ಕೂದಲಿಗೆ ಪ್ಲಾಸ್ಟಿಕ್ ಸುರುಳಿ ಸುತ್ತಿಕೊಂಡೇ ಜಗಲಿ ತೊಳೆಯುತ್ತಾರೆ, ಅಂಗಡಿಗೆ ಹೋಗುತ್ತಾರೆ, ಜಗಳವನ್ನೂ ಆಡುತ್ತಾರೆ. ಎದಿಲ್ಮಾ ಊಟದ ಪಾತ್ರೆ ತೊಳೆದು, ಅಮ್ಮನನ್ನು ಮಲಗಿಸಿ, ಕೂದಲ ಸುರುಳಿ ಬಿಚ್ಚಿ, ಕುತ್ತಿಗೆಗೆ ಬೆಳ್ಳಗೆ ಪೌಡರ್ ಹಾಕಿಕೊಂಡು, ಗ್ರಿಲ್ಲಿಗೆ ಬೀಗ ಹಾಕಿ, ಬೀದಿ ದಾಟುತ್ತಿದ್ದಳು. ಮುದುಕಿ ಶನಿವಾರದ ಸಾರು ಉಂಡರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ.

ಎದುರಿಗೆ ಮರುಹಾಳ ಮನೆ, ಮನೆಯ ಮುಂದೆ ಬಾದಾಮಿ ಮರ. ಮರದ ಕೆಳಗೆ ತೂಗುಕುರ್ಚಿಗಳು, ಒಂದು ಮೇಜು, ಬಿಂಗೊ ಆಟ: ಕೂಗಿದ ನಂಬರಿನ ಮೇಲೆ ಕಾಳಿಟ್ಟು, ಕಾರ್ಡ್ ಮೊದಲು ತುಂಬಿದವರು ಬಿಂಗೊ ಎಂದು ಕೂಗಿದರೆ ಬಹುಮಾನ. ಚೀಲದಿಂದ ನಂಬರ್ ತೆಗೆದು ಕೂಗುವವನು ದಾಗೊ. ಅವನು ಬರೀ ನಂಬರ್ ಕೂಗಿದ್ದು ನಾನು ಕೇಳಿಲ್ಲ.

"ಹನ್ನೊಂದು! ಮರುಹಾಳ ಕಡ್ಡಿಕಾಲು!"

"ನಿಮ್ಮಮ್ಮನ ಕಾಲು ಕಣೋ!" ಎಂದು ಮರುಹಾ ಒಳಗಿನಿಂದಲೇ ಕಿರುಚುವಳು.

"ದಾಗೊ, ಚೀಲದಲ್ಲಿ ಅಷ್ಟು ಹೊತ್ತು ಏನು ಕೈಯಾಡಿಸ್ತಿದೀಯಾ, ಎದಿಲ್ಮಾಗೆ ಬೇಕಾದ ನಂಬರ್ ಹುಡುಕ್ತಿದೀಯಾ?" ಎಂದು ನಾನು ಕಾಲೆಳೆದರೆ ಅವನ ಕಿವಿ ಕೆಂಪಾಗುವುದು. ಎದಿಲ್ಮಾ ತನ್ನ ಕಾರ್ಡಿನ ಮೇಲೆ ಬಗ್ಗಿ, ನಂಬರಿನ ಮನೆಯ ಮೇಲೆ ಜೋಳದ ಕಾಳಿಡುತ್ತಾ, ಭುಜ ಕುಲುಕಿಸಿ ನಗುವಳು. ಅವಳು ಹಾಗೆ ನಗುತ್ತಾಳೆ ಎಂದು ಅವಳಿಗೆ ಬಟ್ಟೆ ಕೊಡುವವರಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಒಮ್ಮೆ ವಾಪಸ್ ಬರುವಾಗ ಬೀದಿಯ ನಡುವೆ ನಿಂತು ನನಗೆ ಹೇಳಿದಳು: "ವಾರಕ್ಕೆ ಇಷ್ಟು ಹೊತ್ತು ನಾನು ಯಾರ ಮಗಳೂ ಅಲ್ಲ ಯಾದಿರಾ. ಇದೊಂದು ಇಲ್ದಿದ್ರೆ ನಂಗೆ ಹುಚ್ಚು ಹಿಡಿಯತ್ತೆ."

ಆಟದ ನಡುವೆ ಹಳ್ಳ ಬಂದರೂ ಅವಳು ಅಷ್ಟಾಗಿ ಹೆದರುತ್ತಿರಲಿಲ್ಲ. ನಮ್ಮ ಮನೆಗಳ ಹೊಸ್ತಿಲು ಎತ್ತರ. ಅಮ್ಮನಿಗೆ ನಿದ್ದೆ. ಬಾಗಿಲು ಭದ್ರ. ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿಕೊಂಡು, ತನ್ನ ಮನೆಯ ಬಾಗಿಲಿನ ಮೇಲೆ ಒಂದು ಕಣ್ಣಿಟ್ಟು ಬಿಂಗೊ ಆಡುತ್ತಿದ್ದಳು, ನೀರಿಳಿದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಡೆದು ಬರುತ್ತಿದ್ದಳು.

ಆ ಶನಿವಾರ ನಾನು ಆಟಕ್ಕೆ ಹೋಗಿರಲಿಲ್ಲ. ನಾನು ಕರಿಯುವ ಜೋಳದ ರೊಟ್ಟಿ, ಅರೆಪಾ, ಎಣ್ಣೆ ಕುಡಿಯುತ್ತದೆ ಎಂದು ಮರುಹಾ ಯಾರ ಹತ್ತಿರವೋ ಹೇಳಿದ್ದಳಂತೆ. ಆ ವಾರವಿಡೀ ನಾನು ಅವಳ ಮುಖ ನೋಡಿರಲಿಲ್ಲ. ನಮ್ಮ ಜಗಲಿಯಲ್ಲಿ ಅವಳಿಗೆ ಬೆನ್ನು ಹಾಕಿ ಕೂತು ತೊಗರಿಕಾಯಿ ಸುಲಿಯುತ್ತಿದ್ದೆ. ಬೆನ್ನು ಹಾಕಿದ್ದು ಅವಳಿಗೆ ಕಾಣಲಿ ಎಂದೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದೆ.

ಮೊದಲು ಸದ್ದು ಬಂತು. ಮೇಲಿನ ತಿರುವಿನಲ್ಲಿ ಲಾರಿಯಿಂದ ಜಲ್ಲಿ ಸುರಿದ ಹಾಗೆ. "ಹಳ್ಳ ಬಂತು, ಹಳ್ಳ!" ಎಂದು ಮೇಲುಗಡೆಯವರು ಕೂಗಿದರು. ಕಂದು ನೀರಿನ ನಾಲಗೆಯೊಂದು ಬೀದಿಯ ನಡುವೆ ಹರಿದು ಹೋಯಿತು, ಅದರ ಹಿಂದೆ ಪ್ಲಾಸ್ಟಿಕ್ ಬಾಟಲಿ, ಮುರಿದ ಕುರ್ಚಿ, ಕಸದ ಚೀಲ. ನಮ್ಮ ಜನಕ್ಕೆ ಮಳೆ ಬಂತೆಂದರೆ ಮನೆಯ ಕಸವೆಲ್ಲ ಹಳ್ಳಕ್ಕೆ ಎಸೆಯುವ ಚಾಳಿ. ಆಮೇಲೆ ಮಳೆ ನಮ್ಮ ಮೇಲೂ ಸುರಿಯಿತು. ಮತ್ತೆ ಒಂದು ಸಿಡಿಲು. ಕಪಾಟಿನ ಲೋಟಗಳೆಲ್ಲ ಗಲಗಲ ಎಂದವು.

ಆ ಸಿಡಿಲಿನ ಬೆನ್ನಿಗೇ ಪಕ್ಕದ ಮನೆಯಲ್ಲಿ ಏನೋ ದೊಪ್ಪೆಂದು ಬಿದ್ದ ಸದ್ದು. ಆಮೇಲೆ ಒಂದು ಸಣ್ಣ ನರಳಿಕೆ.

ನಾನು ಗೋಡೆ ಹಿಡಿದುಕೊಂಡು ಜಗಲಿಯಿಂದ ಜಗಲಿಗೆ ದಾಟಿ ಅವರ ಕಿಟಕಿಗೆ ಹೋದೆ. ದೋನ್ಯಾ ಬೆನಿಲ್ದಾ ಕಿಟಕಿಯ ಕೆಳಗೇ ನೆಲದ ಮೇಲೆ ಬಿದ್ದಿದ್ದಳು. ಒಂದು ಕಾಲು ತಿರುಗಬಾರದ ಕಡೆ ತಿರುಗಿತ್ತು. ಹಳ್ಳ ಬಂದಾಗ ನಮ್ಮ ಬಚ್ಚಲ ತೂಬುಗಳು ಹಿಂದಕ್ಕೆ ಕಾರುತ್ತವೆ, ಆ ಗಲೀಜು ನೀರು ಆಗಲೇ ನೆಲದ ಮೇಲೆಲ್ಲ ಹರಡಿ ಅವಳ ಬೆನ್ನಡಿಗೆ ಹೋಗುತ್ತಿತ್ತು. ಖಾಲಿ ಬೋಗುಣಿ ಪಕ್ಕದಲ್ಲಿ ಕವುಚಿ ಬಿದ್ದಿತ್ತು.

"ನನ್ನ ಬೊಯ್ಯೊ ಎಲ್ಲಾ ನೀರಿಗೆ ಬಿತ್ತು ಮಗಳೇ. ಎತ್ಕೊಡು" ಅಂದಳು.

"ಎತ್ಕೊಡ್ತೀನಿ ದೋನ್ಯಾ. ಅಲ್ಲಾಡಬೇಡಿ. ಸುಮ್ನೆ ಮಲಗಿರಿ" ಅಂದೆ. ಕೈಯನ್ನು ಕಂಬಿಯ ನಡುವೆ ಭುಜದವರೆಗೂ ತುರುಕಿದೆ. ಅವಳ ಬೆರಳು ಸಿಕ್ಕಿತು. ಅಷ್ಟೇ ಸಿಕ್ಕಿದ್ದು. ತಣ್ಣಗಿತ್ತು.

ನಮ್ಮ ಬದಿಯಲ್ಲಿ ಆಗ ಇದ್ದದ್ದು ನಾನು, ಮತ್ತೆ ಎದಿಲ್ಮಾಳ ಮನೆಯ ಆ ಪಕ್ಕದ ಮುದುಕ ದರ್ಜಿ ದೊನ್ ಸೆರಾಫಿನ್. ನನ್ನ ಗಂಡ ಬಸ್ ಡ್ರೈವರು, ಊರಿನ ಇನ್ನಾವುದೋ ಹಳ್ಳದ ಆಚೆ ಸಿಕ್ಕಿಕೊಂಡಿದ್ದ. ಗಟ್ಟಿಮುಟ್ಟಾದವರೆಲ್ಲ ಬಾದಾಮಿ ಮರದ ಕೆಳಗೆ. ಸೆರಾಫಿನ್ ಒಂದು ಸುತ್ತಿಗೆ ತಂದು ಬೀಗದ ಮೇಲೆ ಹೊಡೆದ. ಅವನ ಹೊಡೆತಕ್ಕೆ ಬಣ್ಣವೂ ಏಳಲಿಲ್ಲ. ಹಿತ್ತಲ ಗೋಡೆ ಹತ್ತೋಣವೆಂದರೆ ಕಳ್ಳರ ಭಯಕ್ಕೆ ಅದರ ಮೇಲೆ ಉದ್ದಕ್ಕೂ ಒಡೆದ ಗಾಜು. ನಾನು ಮನೆಗೆ ಹೋಗಿ ಒಣಗಿದ ಹೊದಿಕೆ, ದಿಂಬು ತಂದು ಕಂಬಿಯೊಳಗೆ ತೂರಿಸಿದೆ. ಹೊದಿಕೆ ಅವಳ ಮೇಲೆ ಬಿತ್ತು, ಬಿದ್ದ ಕೂಡಲೇ ಅಂಚಿನಿಂದ ನೀರು ಹೀರಿಕೊಳ್ಳತೊಡಗಿತು.

ಆಚೆ ಬದಿಯಲ್ಲಿ ಎದಿಲ್ಮಾ ಎದ್ದು ನಿಂತಿದ್ದಳು. ನಾನು ಅವಳ ಕಿಟಕಿಗೆ ಅಂಟಿಕೊಂಡದ್ದು ಕಂಡೊಡನೆ ಅವಳಿಗೆ ಗೊತ್ತಾಗಿಹೋಗಿತ್ತು. ಎರಡೂ ಕೈ ಬಾಯಿಗಿಟ್ಟು ಏನೋ ಕೂಗಿದಳು. ನೀರಿನ ಮೊರೆತದಲ್ಲಿ ಏನೂ ಕೇಳಿಸಲಿಲ್ಲ. ಬಿದ್ದಿದ್ದಾಳೆ ಎಂದು ನಾನು ಕೈಸನ್ನೆ ಮಾಡಿ ತೋರಿಸಿದೆ. ಅವಳು ಚಪ್ಪಲಿ ಬಿಸಾಕಿ ನೀರಿಗಿಳಿದಳು. ಒಂದು ಹೆಜ್ಜೆಗೆ ಮೊಣಕಾಲು, ಇನ್ನೊಂದಕ್ಕೆ ಸೊಂಟ. ದಾಗೊ ಹಿಂದಿನಿಂದ ಸೊಂಟ ತಬ್ಬಿ ಎಳೆದುಕೊಂಡ. ಅವಳು ಅವನ ಮುಖಕ್ಕೆ ಹೊಡೆದಳು, ಕೈ ಕಚ್ಚಿದಳು. ಅವನು ಬಿಡಲಿಲ್ಲ. ಅವಳನ್ನು ಬಿಟ್ಟಿದ್ದರೆ ನದಿಯಲ್ಲಿ ಹುಡುಕಬೇಕಾಗುತ್ತಿತ್ತು. ಹಿಂದಿನ ವರ್ಷ ಒಬ್ಬ ಮೀನು ಮಾರುವವನನ್ನು ಹಾಗೇ ಹುಡುಕಿದ್ದೆವು.

"ಬೀಗದ ಕೈ! ಬೀಗದ ಕೈ ಎಸೀರೋ!" ಎಂದು ಸೆರಾಫಿನ್ ಗಂಟಲು ಹರಿಯುವಂತೆ ಕೂಗಿದ, ಕೈಯಲ್ಲಿ ತಿರುಗಿಸಿ ತೋರಿಸಿದ. ಅದು ಅವರಿಗೆ ತಿಳಿಯಿತು. ಎದಿಲ್ಮಾ ರವಿಕೆಯೊಳಗಿನ ದಾರ ಎಳೆದು ಬೀಗದ ಕೈ ತೆಗೆದಳು. ಎಸೆಯಲು ಕೈಯೆತ್ತಿದಳು, ನೀರಿನ ಅಗಲ ನೋಡಿ ಇಳಿಸಿದಳು. ಆಮೇಲೆ ಅದನ್ನು ದಾಗೊನ ಕೈಗೆ ಕೊಟ್ಟಳು.

ಕೊಡದೆ ಇನ್ನೇನು ಮಾಡುತ್ತಾಳೆ? ಭಾನುವಾರ ಬೆಳಿಗ್ಗೆ ಇದೇ ಬೀದಿಯಲ್ಲಿ ಗಂಡಸರು ಬಟ್ಟೆ ಚೆಂಡಿನ ಆಟ ಆಡುತ್ತಾರೆ. ಹಳೆಯ ಕಾಲುಚೀಲದೊಳಗೆ ಚಿಂದಿ ತುರುಕಿ, ಬಿಗಿಯಾಗಿ ಹೊಲಿದ ಚೆಂಡು. ಅದನ್ನು ಎಸೆಯುವುದರಲ್ಲಿ ದಾಗೊನನ್ನು ಮೀರಿಸುವವರು ಈ ಕಡೆ ಯಾರೂ ಇರಲಿಲ್ಲ. ಬೋಳು ಬೀಗದ ಕೈಯನ್ನು ಎಸೆದಿದ್ದರೆ ಬಂದು ನಮ್ಮ ಜಗಲಿಯ ಮೇಲೆ ಬೀಳುತ್ತಿತ್ತೋ ಏನೋ. ಆದರೆ ಅವನ ಕೈಗೆ ಗೊತ್ತಿದ್ದದ್ದು ಆ ಚೆಂಡು. ಮರುಹಾಳ ಮನೆಯೊಳಗೆ ಓಡಿ, ಮಾರನೆಯ ದಿನದ ಆಟಕ್ಕೆಂದು ಇಟ್ಟಿದ್ದ ಚೆಂಡನ್ನು ತಂದು, ಹೊಲಿಗೆ ಬಿಚ್ಚಿ ಬೀಗದ ಕೈಯನ್ನು ಒಳಗೆ ತುರುಕಿ, ಮೇಲೆ ದಾರ ಸುತ್ತಿದ. ಬಾದಾಮಿ ಮರದ ಕೆಳಗಿದ್ದವರೆಲ್ಲ ಅವನಿಗೆ ದಾರಿ ಬಿಟ್ಟು ಸರಿದರು. ನನಗೂ ಜೀವ ಬಂತು. ದಾಗೊ ಎಸೆದರೆ ಬಂದ ಹಾಗೇ ಎಂದುಕೊಂಡೆ. ಮುದುಕಿಯ ಬೆರಳು ಬಿಟ್ಟು, ಜಗಲಿಯ ಅಂಚಿಗೆ ಬಂದು, ಲಂಗ ಹರಡಿ ಹಿಡಿದು ನಿಂತೆ.

ಅವನು ಕಾಲೆತ್ತಿ, ಸೊಂಟ ತಿರುಗಿಸಿ, ಭಾನುವಾರ ಎಸೆಯುವ ಹಾಗೆಯೇ ಎಸೆದ. ಚೆಂಡು ಮಳೆಯನ್ನು ಸೀಳಿಕೊಂಡು ಬಂತು. ನೇರ ನನ್ನ ಕಡೆಗೇ ಬರುತ್ತಿತ್ತು. ಆದರೆ ಒಳಗೆ ಕಬ್ಬಿಣ, ಮೇಲೆ ನೆನೆದ ಬಟ್ಟೆ, ನಡುದಾರಿಯಲ್ಲಿ ಅದು ಯಾಕೋ ಒಂದಿಷ್ಟು ಮೇಲೆದ್ದು ಓರೆಯಾಯಿತು. ಕರೆಂಟಿನ ತಂತಿಗೆ ತಗಲಿತು. ತಂತಿ ಜುಂಯ್ ಎಂದಿತು. ಚೆಂಡು ನೆಟ್ಟಗೆ ಕೆಳಗೆ ಬಿತ್ತು.

ಅದು ಕೂಡಲೇ ಮುಳುಗಲೂ ಇಲ್ಲ. ಬೆಳ್ಳಗೆ ತೇಲಿಕೊಂಡು, ಒಂದು ಸುತ್ತು ಸುತ್ತಿ, ಮೂಲೆ ಅಂಗಡಿಯ ಮುಂದೆ ಹಾದು ಹೋಯಿತು. ಎರಡು ಬದಿಯವರೂ ಕತ್ತು ತಿರುಗಿಸಿ ನೋಡಿದೆವು. ಹಿಂದೆ ಓಡೋಣವೆಂದರೆ ಓಡಲು ಬೀದಿಯೇ ಇರಲಿಲ್ಲ. ದಾಗೊ ಎಸೆದ ಕೈಯನ್ನು ಹಾಗೇ ಮುಂದಕ್ಕೆ ಚಾಚಿಕೊಂಡು ನಿಂತಿದ್ದ. ಎದಿಲ್ಮಾ ಕೆಸರಿನಲ್ಲಿ ಕುಸಿದು ಕೂತಳು. ಮರುಹಾ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ನನಗೆ ಮರುಹಾಳ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳನ್ನು ಗಟ್ಟಿಯಾಗಿ ಹಿಡ್ಕೊಳೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಆಮೇಲೆ ಮಾಡುವುದೇನೂ ಉಳಿಯಲಿಲ್ಲ. ನೀರು ಇಳಿಯಬೇಕು, ಅಷ್ಟೇ. ನಾನು ಮತ್ತೆ ಕಂಬಿಯೊಳಗೆ ಕೈ ತುರುಕಿ ಆ ತಣ್ಣಗಿನ ಬೆರಳು ಹಿಡಿದು ಕೂತೆ. ಏನೇನೋ ಮಾತಾಡಿದೆ. ಇವತ್ತು ಬೊಯ್ಯೊಗೆ ಒಳ್ಳೆ ಗಿರಾಕಿ ಬರ್ತಾರೆ ಅಂದೆ, ಮಳೆ ನಿಂತ ಮೇಲೆ ಇಬ್ಬರೂ ಹೋಗೋಣ ಅಂದೆ. ಅವಳು ಒಂದಕ್ಕೆ ಹೂಂ ಅನ್ನುವಳು, ಇನ್ನೊಂದಕ್ಕೆ ಸುಮ್ಮನಿರುವಳು. ಸುಮ್ಮನಾದಾಗಲೆಲ್ಲ ಬೆರಳು ಹಿಸುಕಿ ಮತ್ತೆ ಕರೆಯುತ್ತಿದ್ದೆ. ಎದಿಲ್ಮಾ ಆಚೆಯಿಂದ ಕೈಯೆತ್ತಿ ಹೇಗಿದ್ದಾಳೆ ಎಂದು ಕೇಳುವಳು. ನಾನು ಇರುವ ಒಂದು ಕೈಯೆತ್ತಿ, ಚೆನ್ನಾಗಿದ್ದಾಳೆ ಎನ್ನುವ ಹಾಗೆ ಆಡಿಸುವೆ. ಇನ್ನೇನು ಹೇಳಲಿ? ನಿಜ ಹೇಳಿದ್ದರೆ ದಾಗೊನ ಹಿಡಿತವೂ ಸಾಲುತ್ತಿರಲಿಲ್ಲ.

ಮಳೆ ನಿಂತಿತು. ಹಳ್ಳ ಸೊಂಟಕ್ಕೆ ಇಳಿಯುವಷ್ಟರಲ್ಲಿ ದಾಗೊ ಮರಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿ ಹಿಡಿದು ದಾಟಿ ಬಂದ, ಕುತ್ತಿಗೆಗೆ ಕಬ್ಬಿಣ ಕೊಯ್ಯುವ ಗರಗಸ ನೇತುಹಾಕಿಕೊಂಡು. ಅವನ ಹಿಂದೆಯೇ ಹಗ್ಗ ಹಿಡಿದು ಎದಿಲ್ಮಾ ಬಂದಳು. ಪೌಡರೆಲ್ಲ ಕರಗಿ ಕುತ್ತಿಗೆಯ ಮೇಲೆ ಗೆರೆಗೆರೆಯಾಗಿತ್ತು. ತನ್ನದೇ ಮನೆಯ ಮುಂದೆ ಬೀಗದ ಕೈಯಿಲ್ಲದೆ ನಿಂತಳು. ಗ್ರಿಲ್ಲನ್ನು ಎರಡೂ ಕೈಯಿಂದ ಹಿಡಿದು ಒಮ್ಮೆ ಅಲ್ಲಾಡಿಸಿದಳು, ಆಮೇಲೆ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಕಂಬಿಯೊಳಗೆ ತನ್ನ ಕೈ ಹಾಕಿದಳು. ದಾಗೊ ಬೀಗದ ಹತ್ತಿರ ಕೂತು ಕೊಯ್ಯತೊಡಗಿದ. ತಾನೇ ಹಾಕಿದ ಗಟ್ಟಿ ಕಂಬಿ, ಬೇಗ ತುಂಡಾಗುವುದೆಲ್ಲಿ ಬಂತು. ಕೊಯ್ಯುತ್ತಾ ತನಗೆ ತಾನೇ ಬೈದುಕೊಳ್ಳುತ್ತಿದ್ದ.

"ಅಮ್ಮಾ, ನಾನು ಬಂದೆ. ಅಮ್ಮಾ" ಎಂದಳು ಎದಿಲ್ಮಾ.

ಮುದುಕಿ ಕಣ್ಣು ತೆರೆದು ನೋಡಿದಳು. ಕೂದಲು ಮುಖಕ್ಕೆ ಅಂಟಿದ, ಕೆಸರು ಮೆತ್ತಿದ ಆ ಹೆಂಗಸನ್ನು ತುಂಬ ಹೊತ್ತು ನೋಡಿದಳು.

"ನೀವ್ಯಾರು ಸೆನ್ಯೋರಾ? ನಮ್ಮ ಬೀದಿಯವರಾ?"

ಎದಿಲ್ಮಾ ನನ್ನ ಮುಖ ನೋಡಿದಳು. ಆಮೇಲೆ, "ಹೌದು, ಇಲ್ಲೇ ಪಕ್ಕದವಳು" ಅಂದಳು.

"ನಂಗೊಬ್ಬಳು ಮಗಳಿದಾಳೆ. ನನ್ನ ಕೂಡ್ಹಾಕಿ ಆಟ ಆಡೋಕೆ ಹೋಗಿದಾಳೆ. ಕರೆದೆ ಕರೆದೆ, ಬರಲೇ ಇಲ್ಲ."

"ಬರ್ತಾಳೆ ಸೆನ್ಯೋರಾ. ದಾರೀಲಿದಾಳೆ. ಇನ್ನೇನು ಬಂದೇಬಿಡ್ತಾಳೆ."

"ಚಳಿ ಆಗ್ತಿದೆ."

"ಗೊತ್ತು. ನನ್ನ ಕೈ ಹಿಡ್ಕೊಳ್ಳಿ. ಬಿಸಿಯಾಗಿದೆ, ಹಿಡ್ಕೊಳ್ಳಿ."

ಮುದುಕಿ ಹಿಡಿದುಕೊಂಡಳು. ಆಮೇಲೆ, ಜಗಲಿಯಲ್ಲಿ ಕೂತು ಹರಟೆ ಹೊಡೆಯುವವರ ಹಾಗೆ, ನೆಲದ ಮೇಲಿಂದಲೇ ಕೇಳಿದಳು:

"ನಿಮಗೆ ಅಮ್ಮ ಇದಾರಾ?"

"ಇದಾರೆ."

"ನೀವಿಲ್ಲಿ ನಿಂತಿದೀರಲ್ಲ. ಅವರ ಹತ್ರ ಯಾರಿದಾರೆ ಮತ್ತೆ?"

ದಾಗೊ ಕೊಯ್ಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿ ಕೂತ. ನಾನೇ ಬಗ್ಗಿ, "ನಾನಿದೀನಿ ದೋನ್ಯಾ, ನಾನು ನೋಡ್ಕೋತಿದೀನಿ" ಎಂದು ಹೇಳಿದೆ. ನನ್ನ ಮಾತನ್ನು ಮುದುಕಿ ಕೇಳಿಸಿಕೊಂಡಳೋ ಇಲ್ಲವೋ. ಎದಿಲ್ಮಾ ಮಾತ್ರ ಕೇಳಿಸಿಕೊಳ್ಳಲಿಲ್ಲ. ಕಂಬಿಗೆ ಹಣೆಯೊತ್ತಿ ನಿಂತುಬಿಟ್ಟಿದ್ದಳು.

ಕತ್ತಲಾಗುವ ಮುಂಚೆ ಕಂಬಿ ತುಂಡಾಯಿತು. ಬಾಗಿಲನ್ನೇ ಕಿತ್ತು, ಅದರ ಮೇಲೆ ಮುದುಕಿಯನ್ನು ಮಲಗಿಸಿಕೊಂಡು ಗಂಡಸರು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಸೊಂಟದ ಮೂಳೆ ಮುರಿದಿತ್ತು. ಸಾಯುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡೆವು. ಸಾಯಲಿಲ್ಲ. ಆ ವರ್ಷದ ಮಳೆ ಮುಗಿಯುವ ಹೊತ್ತಿಗೆ ಮನೆಗೆ ಬಂದಳು. ಇನ್ನು ಅವಳು ಏಳುವ ಹಾಗಿರಲಿಲ್ಲ. ಬೋಗುಣಿ ಹೊತ್ತು ಎಲ್ಲಿಗೂ ಹೊರಡುವ ಭಯವೇ ಇರಲಿಲ್ಲ. ಬೀಗವೂ ಬೇಕಿರಲಿಲ್ಲ.

ಆದರೂ ದಾಗೊ ಹೊಸ ಗ್ರಿಲ್ ಮಾಡಿ ತಂದು ಕೂರಿಸಿದ. ಈ ಸಲ ಎರಡು ಬೀಗದ ಕೈ. ಒಂದನ್ನು ಎದಿಲ್ಮಾ ತಂದು ನನ್ನ ಕೈಯಲ್ಲಿಟ್ಟಳು. ನಾನು ಎಷ್ಟು ವರ್ಷ ಕೇಳಿದ್ದೆನೋ ಅದನ್ನು. ಕೈಗೆ ಬಂದಾಗ ಒಂದು ಚೂರೂ ಸಂತೋಷವಾಗಲಿಲ್ಲ.

ಡಿಸೆಂಬರ್ ಬಂತು. ನಮ್ಮಲ್ಲಿ ಆಗ ಸಮುದ್ರದ ಗಾಳಿ ಬೀಸುವ ಕಾಲ, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರುವುದಿಲ್ಲ. ಶನಿವಾರ ಆಟದ ಹೊತ್ತಿಗೆ ನಾನು ಅವಳ ಮನೆಗೆ ಹೋದೆ.

"ಹೋಗೇ, ನಾನು ಕೂತ್ಕೋತೀನಿ ಅಮ್ಮನ ಹತ್ರ."

"ಇವತ್ತು ಬೇಡ ಯಾದಿರಾ. ಹಳ್ಳ ಗಿಳ್ಳ ಬಂದ್ರೆ."

"ಡಿಸೆಂಬರಲ್ಲಿ ಎಲ್ಲಿಂದ ಬರತ್ತೇ ಹಳ್ಳ? ಏಪ್ರಿಲ್‌ವರೆಗೂ ಒಂದು ಹನಿ ಬೀಳಲ್ಲ."

"ಮುಂದಿನ ವಾರ ನೋಡೋಣ."

ಮುಂದಿನ ವಾರವೂ ಅದೇ ಮಾತು. ಆಟವನ್ನೇ ಇವಳ ಜಗಲಿಗೆ ತರುತ್ತೇವೆ ಎಂದು ಮರುಹಾ ಬಂದು ಹೇಳಿದಳು. ಗಲಾಟೆಗೆ ಅಮ್ಮನಿಗೆ ಎಚ್ಚರ ಆಗ್ಬಿಡತ್ತೆ ಎಂದು ಎದಿಲ್ಮಾ ಬೇಡವೆಂದಳು. ಬೈದೆ, ರೇಗಿಸಿದೆ, ಅತ್ತೂ ನೋಡಿದೆ. ಅವಳು ಜಗಳವಾಡಿದ್ದರೆ ಗೆಲ್ಲುತ್ತಿದ್ದೆ. ಅವಳು ನನ್ನ ಕೈ ಸವರಿ, "ನೀನು ಹೋಗು, ತಡವಾಗತ್ತೆ" ಅನ್ನುವಳು.

ಒಂದು ಶನಿವಾರ ದಾಗೊ ಒಂದು ಬಿಂಗೊ ಕಾರ್ಡ್, ಒಂದು ಹಿಡಿ ಜೋಳದ ಕಾಳು ತಂದು ಅವಳ ಗ್ರಿಲ್ಲಿನ ಒಳಗಿಟ್ಟು ಹೋದ. ಆಚೆ ಹೋಗಿ ಬಾದಾಮಿ ಮರದ ಕೆಳಗೆ ನಿಂತು, ಇಡೀ ಬಡಾವಣೆಗೆ ಕೇಳುವಂತೆ ನಂಬರ್ ಕೂಗತೊಡಗಿದ. ಸ್ಪೀಕರಿನವರಿಗೆ ಹಾಡು ನಿಲ್ಲಿಸಲು ಹೇಳಿದ್ದನಂತೆ. ಎದಿಲ್ಮಾ ಬಹಳ ಹೊತ್ತು ಕಾರ್ಡ್ ಮುಟ್ಟಲಿಲ್ಲ. ಆಮೇಲೆ ಎತ್ತಿಕೊಂಡು, ಬಾಗಿಲ ಒಳಗೆ ತೂಗುಕುರ್ಚಿ ಹಾಕಿಕೊಂಡು ಕೂತಳು. ನಾನೂ ಆ ದಿನ ಆಚೆ ಹೋಗದೆ ಅವಳ ಪಕ್ಕದಲ್ಲಿ ಕೂತೆ. ಹೊರಗೆ ಬೀದಿ ಒಣಗಿ ಧೂಳೆದ್ದಿತ್ತು, ನಾಯಿಯೊಂದು ನಡುಬೀದಿಯಲ್ಲಿ ಮಲಗಿತ್ತು.

ಕಾಳು ಒಂದೊಂದಾಗಿ ಕಾರ್ಡಿನ ಮೇಲೆ ಬಂದವು. ಅವಳ ಮುಖದಲ್ಲಿ ಸ್ವಲ್ಪ ಬಣ್ಣ ಬಂದ ಹಾಗೆ ಕಂಡಿತು. ಇಪ್ಪತ್ತೇಳು ಎಂದು ದಾಗೊ ಕೂಗಿದ. ಅವಳ ಕಾರ್ಡಿನಲ್ಲಿ ಖಾಲಿ ಉಳಿದಿದ್ದ ಕೊನೆಯ ಮನೆ ಅದೇ. ಅವಳು ಅದರ ಮೇಲೂ ಕಾಳಿಟ್ಟಳು. ಕಾರ್ಡ್ ತುಂಬಿತು.

ಅವಳು ಕೂಗಲಿಲ್ಲ. ದಾಗೊ ಇನ್ನೊಂದು ನಂಬರ್ ತೆಗೆದ, ಮತ್ತೊಂದು ತೆಗೆದ. ಪ್ರತಿ ನಂಬರಿಗೂ ನಮ್ಮ ಬಾಗಿಲಿನ ಕಡೆ ತಿರುಗಿ ಸ್ವಲ್ಪ ಕಾಯುವನು. ಕೊನೆಗೆ ಆಚೆ ಯಾರೋ ಬಿಂಗೊ ಎಂದು ಕಿರುಚಿದರು, ಎಲ್ಲರೂ ನಕ್ಕರು. ಎದಿಲ್ಮಾ ಕಾರ್ಡ್ ಬಗ್ಗಿಸಿ ಕಾಳನ್ನೆಲ್ಲ ಮಡಿಲಿಗೆ ಸುರಿದುಕೊಂಡಳು.

"ಗೆದ್ದಿದ್ದೆಯಲ್ಲೇ! ಯಾಕೆ ಕೂಗಲಿಲ್ಲ?" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಕೂಗಿದ್ರೆ ಬಹುಮಾನ ತಗೊಳ್ಳೋಕೆ ಆ ಕಡೆ ಹೋಗಬೇಕಲ್ಲ ಯಾದಿರಾ" ಅಂದಳು.

ಒಳಗಿನಿಂದ ದೋನ್ಯಾ ಬೆನಿಲ್ದಾ ಕರೆದಳು. ಎದಿಲ್ಮಾ ಕಾಳನ್ನು ಸೆರಗಿನಂತೆ ಹಿಡಿದ ಲಂಗದಲ್ಲೇ ಇಟ್ಟುಕೊಂಡು ಎದ್ದು ಒಳಗೆ ಹೋದಳು.